ಬ್ರೇಕ್ ಕಿರುಚಿದರೆ ರಬ್ಬರಿನ ಮೇಲೆ ಸಿಟ್ಟು ಬೇಡ

ಪ್ರಶ್ನೆ: ನನ್ನದು ಆರು ವರ್ಷ ಹಳೆಯ, ಉಕ್ಕಿನ ಫ್ರೇಮಿನ ಟೂರಿಂಗ್ ಸೈಕಲ್. ಅಲ್ಯೂಮಿನಿಯಂ ರಿಮ್, ಎರಡೂ ಚಕ್ರಕ್ಕೆ ವಿ-ಬ್ರೇಕ್ (ರಿಮ್ಮಿನ ಎರಡೂ ಮಗ್ಗುಲಿಗೆ ರಬ್ಬರ್ ಒತ್ತುವ, ಎರಡು ತೋಳಿನ ಬ್ರೇಕ್). ಸೆಪ್ಟೆಂಬರಿನಲ್ಲಿ ಶಿವಮೊಗ್ಗ, ತೀರ್ಥಹಳ್ಳಿ, ಆಗುಂಬೆ ದಾರಿಯಾಗಿ ಮಲ್ಪೆಗೆ ಹೋಗಿಬಂದೆ. ಘಾಟಿ ಇಳಿಯುವಾಗ ಶುರುವಾದ ಮುಂದಿನ ಬ್ರೇಕಿನ ಕಿರುಚಾಟ ಇವತ್ತಿಗೂ ನಿಂತಿಲ್ಲ. ಸಿಗ್ನಲ್ಲಿನಲ್ಲಿ ನಿಂತರೆ ಜನ ತಿರುಗಿ ನೋಡುತ್ತಾರೆ. ಎರಡು ಸಲ ಬ್ರೇಕ್ ರಬ್ಬರ್ ಬದಲಾಯಿಸಿದೆ. ಒಬ್ಬ ಮೆಕ್ಯಾನಿಕ್ ರಿಮ್ಮಿಗೆ ಒಂದು ಹನಿ ಎಣ್ಣೆ ಸವರಿಕೊಟ್ಟ. ಎರಡು ದಿನ ಸುಮ್ಮನಿತ್ತು, ಆಮೇಲೆ ಮೊದಲಿಗಿಂತ ಜೋರು. ಡಿಸೆಂಬರಿನಲ್ಲಿ ಶಿರಸಿ, ದೇವಿಮನೆ ಘಾಟಿ ಇಳಿದು ಕಾರವಾರದವರೆಗೆ ಹೋಗುವ ಯೋಚನೆಯಿದೆ. ಡಿಸ್ಕ್ ಬ್ರೇಕಿನ ಸೈಕಲ್ಲನ್ನೇ ಕೊಂಡುಬಿಡಲೇ? (ದಾವಣಗೆರೆಯ ಓದುಗರು)

ಉತ್ತರ: ಮೊದಲು ಆ ಎಣ್ಣೆಯ ಮಾತು ಮುಗಿಸಿಬಿಡೋಣ. ರಿಮ್ಮಿಗೆ ಎಣ್ಣೆ ಸವರಿದಾಗ ಸದ್ದು ನಿಂತದ್ದು ಹಿಡಿತ ಹೋದದ್ದರಿಂದ. ಆ ಎರಡು ದಿನ ನೀವು ದಾವಣಗೆರೆಯ ಸಪಾಟು ರಸ್ತೆಯಲ್ಲಿದ್ದಿರಿ, ಬಚಾವಾದಿರಿ. ಎಣ್ಣೆ ರಬ್ಬರಿನ ಮೈಗೆ ಇಂಗಿಬಿಡುತ್ತದೆ, ಎಷ್ಟು ಒರೆಸಿದರೂ ಬಿಸಿಯಾದಾಗ ಮತ್ತೆ ಮೇಲಕ್ಕೆ ಬರುತ್ತದೆ. ಈಗ ಸೈಕಲ್ಲಿನಲ್ಲಿರುವ ಮುಂದಿನ ಜೋಡಿಯನ್ನು ಬಿಚ್ಚಿ ಕಸಕ್ಕೆ ಹಾಕಿ. ಹೊಸದಕ್ಕೆ ಅಂಗಡಿಗೆ ಓಡಬೇಡಿ. ಎಣ್ಣೆ ತಾಗುವುದಕ್ಕೆ ಮುಂಚೆ ನೀವು ಬಿಚ್ಚಿಟ್ಟ ಹಳೆಯ ಜೋಡಿ ಮನೆಯ ಯಾವುದೋ ಡಬ್ಬಿಯಲ್ಲಿ ಬಿದ್ದಿರಬೇಕಲ್ಲ, ಅದನ್ನು ಹುಡುಕಿ. ಬಹುಶಃ ಅದರಲ್ಲಿ ದೋಷವೇ ಇರಲಿಲ್ಲ.

ಈ ಬುದ್ಧಿ ನನಗೂ ಪುಕ್ಕಟೆ ಬಂದದ್ದಲ್ಲ. ವರ್ಷಗಳ ಹಿಂದೆ ಒಂದು ಭಾನುವಾರ ಬೆಳಿಗ್ಗೆ ಚೈನಿಗೆ ಸ್ಪ್ರೇ ಹೊಡೆದೆ, ಹಿಂದಿನ ರಿಮ್ಮಿಗೆ ಬಟ್ಟೆ ಮುಚ್ಚದೆ. ಚಾಮುಂಡಿ ಬೆಟ್ಟ ಹತ್ತುವಾಗ ಬ್ರೇಕಿನ ನೆನಪು ಯಾರಿಗೆ ಬರುತ್ತದೆ? ಇಳಿಯುವಾಗ ಎರಡನೇ ತಿರುವಿನಲ್ಲಿ ಹಿಂದಿನ ಬ್ರೇಕಿನ ಹಿಡಿ ಹ್ಯಾಂಡಲ್ಲಿಗೆ ಬಂದು ಕೂತರೂ ಸೈಕಲ್ ಮಾತ್ರ ತನ್ನ ಪಾಡಿಗೆ ಹೋಗುತ್ತಿತ್ತು. ಮುಂದಿನ ಬ್ರೇಕೊಂದೇ ನನ್ನನ್ನು ಉಳಿಸಿದ್ದು, ಅದೂ ಕಿರುಚಿಕೊಂಡೇ. ಅವತ್ತಿನಿಂದ ಕಿರುಚುವ ಬ್ರೇಕ್ ಕಂಡರೆ ನನಗೆ ಸ್ವಲ್ಪ ಮರ್ಯಾದೆ.

ಹಾಗಾದರೆ ಅದು ಕಿರುಚುವುದು ಯಾಕೆ? ಪಿಟೀಲಿನ ಕಮಾನಿಗೆ ರಾಳ ಉಜ್ಜುವುದನ್ನು ನೋಡಿರುತ್ತೀರಿ. ರಾಳ ಹಚ್ಚಿದ ಕಮಾನು ತಂತಿಯನ್ನು ಹಿಡಿದು ಎಳೆಯುತ್ತದೆ, ತಂತಿ ಜಾರಿ ಹಿಂದಕ್ಕೆ ಹಾರುತ್ತದೆ, ಕಮಾನು ಮತ್ತೆ ಹಿಡಿಯುತ್ತದೆ. ಇದು ಸೆಕೆಂಡಿಗೆ ನೂರಾರು ಸಲ ನಡೆದಾಗ ಅಲ್ಲಿ ನಾದ ಹುಟ್ಟುತ್ತದೆ. ನಿಮ್ಮ ಬ್ರೇಕಿನಲ್ಲೂ ನಡೆಯುವುದು ಇದೇ. ರಬ್ಬರ್ ಕಮಾನು, ರಿಮ್ ತಂತಿ, ಬ್ರೇಕಿನ ತೋಳು ಮತ್ತು ಫೋರ್ಕು (ಮುಂದಿನ ಚಕ್ರವನ್ನು ಹಿಡಿದಿರುವ ಕವಲು) ಪಿಟೀಲಿನ ಬುರುಡೆ. ವೇಗ ಕಡಿಮೆಯಾಗುತ್ತಾ ಬಂದ ಹಾಗೆ ರಬ್ಬರಿನ ಹಿಡಿತ ಹೆಚ್ಚುತ್ತದೆ. ಅದಕ್ಕೇ ಸೈಕಲ್ ಇನ್ನೇನು ನಿಲ್ಲಬೇಕು ಅನ್ನುವ ಹೊತ್ತಿಗೆ, ಸರಿಯಾಗಿ ಸಿಗ್ನಲ್ಲಿನಲ್ಲಿ, ಜನರ ನಡುವೆ, ಕೀ... ಅಂತ ಶುರು. ಪಿಟೀಲಿನಲ್ಲಿ ಕಮಾನು ಮಾತ್ರ ಬದಲಾಯಿಸಿದರೆ ಸ್ವರ ಎಷ್ಟು ಬದಲಾದೀತು? ನೀವು ಎರಡು ಸಲ ರಬ್ಬರ್ ಬದಲಾಯಿಸಿಯೂ ಸದ್ದು ಹೋಗದೆ ಇದ್ದದ್ದು ಇದಕ್ಕೇ.

ಸೈಕಲ್ ಬಿಚ್ಚುವ ಮೊದಲು ಕಿವಿಗೆ ಕೆಲಸ ಕೊಡಿ. ನಮ್ಮ ಭಾಷೆಯಲ್ಲಿ ಸದ್ದಿಗೆ ಪದಗಳಿಗೇನು ಬರ. ಅಂಗಡಿಗೆ ಬಂದವರು ಸದ್ದನ್ನು ಬಾಯಲ್ಲಿ ಮಾಡಿ ತೋರಿಸಿದರೆ ಸಾಕು, ಅರ್ಧ ರೋಗ ಗೊತ್ತಾಗುತ್ತದೆ. ಕೀ... ಅಂತ ಒಂದೇ ಎಳೆಯಾಗಿ ಕೂಗಿದರೆ ಅದು ಈಗ ಹೇಳಿದ ಹಿಡಿ-ಜಾರು ಆಟ, ಕೋನದ ತಪ್ಪು ಅಥವಾ ಕೊಳೆ. ಗರಗರ, ಕರಕರ ಅಂದರೆ ರಬ್ಬರಿನೊಳಗೆ ಮರಳೋ ಲೋಹದ ಚೂರೋ ಸಿಕ್ಕಿಕೊಂಡು ರಿಮ್ಮನ್ನು ಕೊರೆಯುತ್ತಿದೆ. ಇದಕ್ಕೆ ತಡ ಮಾಡಬಾರದು. ಗದಗದ ಅಂತ ಹ್ಯಾಂಡಲ್ಲೇ ನಡುಗಿದರೆ ಹ್ಯಾಂಡಲ್ ತಿರುಗುವ ಬುಡದ ಬೇರಿಂಗು, ಅಂದರೆ ಹೆಡ್‌ಸೆಟ್ ಸಡಿಲ, ಇಲ್ಲವೇ ಫೋರ್ಕು ಹಿಂದೆ ಮುಂದೆ ಬಳುಕುತ್ತಿದೆ. ಚಕ್ರ ಒಂದು ಸುತ್ತು ಬಂದಾಗಲೊಮ್ಮೆ ಟಕ್ ಅಂದರೆ ರಿಮ್ಮಿನ ಬೆಸುಗೆ ಅಥವಾ ಜೋಡಣೆಯ ಜಾಗ ಎದ್ದಿದೆ, ಇಲ್ಲವೇ ಎಲ್ಲೋ ಗುಂಡಿಗೆ ಬಿದ್ದು ರಿಮ್ ಜಜ್ಜಿದೆ. ನಿಮ್ಮದು ಮೊದಲನೆಯದು ಅಂತ ಪತ್ರದಿಂದ ಗೊತ್ತಾಗುತ್ತದೆ. ಆದರೆ ಮಲೆನಾಡಿನಲ್ಲಿ ಮಳೆಗಾಲ ಮುಗಿಯುವ ಹೊತ್ತಿಗೆ ಓಡಾಡಿದ್ದೀರಿ, ಎರಡನೆಯದೂ ಬೆರೆತಿರುತ್ತದೆ.

ಆ ಕಡೆಯ ಕೆಮ್ಮಣ್ಣು ನೋಡಲು ಕುಂಕುಮದ ಹಾಗಿರುತ್ತದೆ, ಬ್ರೇಕಿಗೆ ಸಿಕ್ಕಿದರೆ ಉಪ್ಪು ಕಾಗದ. ಒದ್ದೆ ರಸ್ತೆಯಲ್ಲಿ ಟೈರು ಅದನ್ನು ಎತ್ತಿ ರಿಮ್ಮಿಗೆ ಬಳಿಯುತ್ತದೆ, ನೀವು ಬ್ರೇಕ್ ಹಿಡಿಯುತ್ತೀರಿ, ರಿಮ್ಮಿನ ಅಲ್ಯೂಮಿನಿಯಂ ಸವೆದು ಬೂದು ಬಣ್ಣದ ಮಸಿಯಾಗುತ್ತದೆ, ಆ ಮಸಿಯಲ್ಲಿ ಮಣ್ಣು, ರಬ್ಬರಿನ ಪುಡಿ, ರಸ್ತೆಯ ಡೀಸೆಲ್ ಜಿಡ್ಡು ಎಲ್ಲ ಸೇರಿ ಒಣಗಿ ರಿಮ್ಮಿಗೆ ಒಂದು ಪದರ ಕೂರುತ್ತದೆ. ಹೊಸ ರಬ್ಬರ್ ಹಾಕಿದಾಗ ಅದು ಮೊದಲು ಉಜ್ಜಿದ್ದು ಈ ಪದರವನ್ನೇ.

ಹಾಗಾಗಿ ಮೊದಲ ಕೆಲಸ ಸ್ನಾನ. ಚಕ್ರ ಬಿಚ್ಚಿ. ಪಾತ್ರೆ ತೊಳೆಯುವ ಲಿಕ್ವಿಡ್ ಬೆರೆಸಿದ ಬಿಸಿನೀರು, ಅಡುಗೆಮನೆಯ ಹಸಿರು ಸ್ಕ್ರಬ್ಬರು (ಹೊಸದು ತನ್ನಿ, ಮನೆಯವರದ್ದಕ್ಕೆ ಕೈ ಹಾಕಬೇಡಿ) ತೆಗೆದುಕೊಂಡು ರಿಮ್ಮಿನ ಎರಡೂ ಮಗ್ಗುಲನ್ನು ಸುತ್ತಲೂ ಉಜ್ಜಿ. ಸ್ಟೀಲ್ ಉಣ್ಣೆ, ತಂತಿ ಬ್ರಷ್ ಬೇಡ. ನೀರು ತಿಳಿಯಾಗಿ ಇಳಿಯುವವರೆಗೆ ತೊಳೆದು ಒಣಗಿಸಿ, ಆಮೇಲೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿದ ಹತ್ತಿ ಬಟ್ಟೆಯಲ್ಲಿ ಒರೆಸಿ. ಬಟ್ಟೆಗೆ ಕರಿ ಹತ್ತುವುದು ನಿಲ್ಲುವವರೆಗೆ ಬಟ್ಟೆ ಬದಲಾಯಿಸುತ್ತಾ ಇರಿ. ನಿಮ್ಮ ರಿಮ್ಮಿಗೆ ಎಣ್ಣೆ ಬಿದ್ದಿರುವುದರಿಂದ ನಾಲ್ಕೈದು ಬಟ್ಟೆ ಬೇಕಾದೀತು. ಮೆಡಿಕಲ್ ಶಾಪಿನ ಸರ್ಜಿಕಲ್ ಸ್ಪಿರಿಟ್ ತರುವುದಾದರೆ ಲೇಬಲ್ ಓದಿ ತನ್ನಿ, ಕೆಲವಕ್ಕೆ ಹರಳೆಣ್ಣೆ ಸೇರಿಸಿರುತ್ತಾರೆ. ಸೀಮೆಎಣ್ಣೆ, ಪೆಟ್ರೋಲ್, ಡೀಸೆಲ್ ಮೂರೂ ಬೇಡ. ಒಂದು ಜಿಡ್ಡು ತೆಗೆದು ಇನ್ನೊಂದು ಜಿಡ್ಡು ಬಿಟ್ಟುಹೋಗುತ್ತವೆ.

ಹುಡುಕಿ ತೆಗೆದ ಹಳೆಯ ರಬ್ಬರನ್ನು ಈಗ ಬಿಸಿಲಿಗೆ ಹಿಡಿದು ನೋಡಿ. ಮೇಲ್ಮೈ ಕನ್ನಡಿಯ ಹಾಗೆ ಮಿರುಗುತ್ತಿದ್ದರೆ ಅದು ಘಾಟಿಯ ಬಿಸಿಗೆ ಬೆಂದು ಗಟ್ಟಿಯಾಗಿದೆ. ಅಲ್ಲಲ್ಲಿ ಬೆಳ್ಳಿಯ ಚುಕ್ಕೆ ಹೊಳೆದರೆ ಅವು ನಿಮ್ಮ ರಿಮ್ಮಿನದೇ ತುಣುಕುಗಳು. ಕೆರೆದು ಕಿತ್ತುಕೊಂಡ ಅಲ್ಯೂಮಿನಿಯಂ ರಬ್ಬರಿನೊಳಗೆ ಹೂತು ಕೂತು, ಇನ್ನಷ್ಟು ಅಲ್ಯೂಮಿನಿಯಂ ಕೀಳುತ್ತಿರುತ್ತದೆ. ಸೂಜಿಯಿಂದ ಒಂದೊಂದೇ ಎಬ್ಬಿಸಿ ತೆಗೆಯಬೇಕು, ಕಾಲಿಗೆ ಹೊಕ್ಕ ಮುಳ್ಳು ತೆಗೆಯುವ ತಾಳ್ಮೆ ಇರಲಿ. ನನ್ನ ಹತ್ತಿರ ಬಂದ ಒಂದು ಸೈಕಲ್ಲಿನ ಒಂದೇ ರಬ್ಬರಿನಲ್ಲಿ ಹನ್ನೊಂದು ಚೂರು ಎಣಿಸಿದ್ದೆ. ಆಮೇಲೆ ಸಮತಟ್ಟಾದ ಕಲ್ಲಿನ ಮೇಲೆ 120 ನಂಬರಿನ ಉಪ್ಪು ಕಾಗದ ಹಾಸಿ, ಅದರ ಮೇಲೆ ರಬ್ಬರನ್ನು ನಾಲ್ಕೈದು ಸಲ ಎಳೆದರೆ ಮಿರುಗು ಹೋಗಿ ಮಾಸಲು ಕಪ್ಪು ಬರುತ್ತದೆ. ಅಷ್ಟು ಸಾಕು. ಹೊಸ ರಬ್ಬರಿಗೂ ಇದೇ ಉಪಚಾರ ಒಳ್ಳೆಯದು, ಅಚ್ಚಿನಿಂದ ಬಂದ ನುಣುಪು ಚರ್ಮ ಅದರ ಮೇಲೂ ಇರುತ್ತದೆ. ಮೇಲಿನ ಸೀಳುಗಳು ಮಾಯವಾಗುವಷ್ಟು ಸವೆದಿದ್ದರೆ ಮಾತ್ರ ಹೊಸದು ಕೊಳ್ಳಿ.

ಇಷ್ಟು ಮಾಡಿದ ಮೇಲೆ ಅರ್ಧಕ್ಕರ್ಧ ಸೈಕಲ್ಲುಗಳು ಸುಮ್ಮನಾಗುತ್ತವೆ. ಉಳಿದ ಅರ್ಧಕ್ಕೆ ಮುಂದಿನ ಮಾತು.

ಚಕ್ರ ಹಾಕಿ. ಮುಂದಿನ ಬ್ರೇಕನ್ನು ಗಟ್ಟಿಯಾಗಿ ಹಿಡಿದುಕೊಂಡು ಸೈಕಲ್ಲನ್ನು ಹಿಂದೆ ಮುಂದೆ ಅಲ್ಲಾಡಿಸಿ, ಇನ್ನೊಂದು ಕೈಯ ಬೆರಳನ್ನು ಹೆಡ್‌ಸೆಟ್ಟಿನ ಸಂದಿಗೆ ಮುಟ್ಟಿಸಿಡಿ. ಕಟ್ ಕಟ್ ಅಂತ ಬೆರಳಿಗೆ ತಾಕಿದರೆ ಹೆಡ್‌ಸೆಟ್ ಬಿಗಿ ಮಾಡಿಸದೆ ಬ್ರೇಕಿನ ಕೆಲಸಕ್ಕೆ ಕೈ ಹಚ್ಚುವುದು ದಂಡ. ಆಮೇಲೆ ಬ್ರೇಕಿನ ತೋಳಿನ ತುದಿ ಹಿಡಿದು ಅದೇ ರೀತಿ ಮುಂದಕ್ಕೆ ಹಿಂದಕ್ಕೆ ಅಲುಗಿಸಿ. ಕೂದಲೆಳೆಯಷ್ಟು ಆಟ ಇದ್ದೇ ಇರುತ್ತದೆ. ಕಣ್ಣಿಗೆ ಕಾಣುವಷ್ಟಿದ್ದರೆ ತೋಳನ್ನು ಫೋರ್ಕಿಗೆ ಹಿಡಿದಿರುವ ಬೋಲ್ಟ್ ಸಡಿಲವಾಗಿದೆ, ಅಥವಾ ಒಳಗಿನ ಬುಶ್ ಸವೆದಿದೆ. ಆರು ವರ್ಷದ ಸೈಕಲ್ಲಿನಲ್ಲಿ ಈ ತೋಳನ್ನು ಒಮ್ಮೆಯೂ ಬಿಚ್ಚಿರಲಿಕ್ಕಿಲ್ಲ. ಬಿಚ್ಚಿ, ತೋಳು ಕೂರುವ ಗೂಟವನ್ನು ಒರೆಸಿ, ತೆಳ್ಳಗೆ ಗ್ರೀಸ್ ಸವರಿ ಮತ್ತೆ ಕೂರಿಸಿ. ಗ್ರೀಸ್ ರಿಮ್ಮಿನ ಹತ್ತಿರ ಸುಳಿಯಬಾರದು ಅಂತ ನಿಮಗೆ ಇನ್ನೊಮ್ಮೆ ಹೇಳಬೇಕಿಲ್ಲ. ಚಕ್ರದ ನಡುವಿನ ಹಬ್ಬಿನ ಆಟ, ಕಡ್ಡಿಗಳ ಬಿಗಿ, ಚಕ್ರದ ಬೆಂಡು ಇವನ್ನೂ ಅದೇ ಕೈಯಲ್ಲಿ ನೋಡಿಬಿಡಿ.

ಇನ್ನು ಅಸಲು ವಿದ್ಯೆ, ರಬ್ಬರಿನ ಕೋನ. ಇದನ್ನು ಇಂಗ್ಲಿಷಿನವರು ಟೋ-ಇನ್ ಅನ್ನುತ್ತಾರೆ, ನಾನು ಮೂತಿ ಒಳಗೆ ಅನ್ನುತ್ತೇನೆ. ರಬ್ಬರಿನ ಮುಂದಿನ ತುದಿ, ಅಂದರೆ ಸೈಕಲ್ ಹೋಗುವ ದಿಕ್ಕಿನ ತುದಿ, ರಿಮ್ಮಿಗೆ ಮೊದಲು ತಾಗಬೇಕು. ಆ ಕ್ಷಣದಲ್ಲಿ ಹಿಂದಿನ ತುದಿ ಒಂದು ಮಿಲಿಮೀಟರಿನಷ್ಟು ಆಚೆ ಇರಬೇಕು. ಯಾವ ತುದಿ ಅನ್ನುವುದರಲ್ಲಿ ಹಳಬರೂ ಎಡವುತ್ತಾರೆ, ಹಾಗಾಗಿ ಕಾರಣ ತಿಳಿದುಕೊಂಡರೆ ಮರೆಯುವುದಿಲ್ಲ. ಬ್ರೇಕ್ ಕೂತಿರುವುದು ಚಕ್ರದ ಮೇಲ್ಭಾಗದಲ್ಲಿ, ಅಲ್ಲಿ ರಿಮ್ ಮುಂದಕ್ಕೆ ಓಡುತ್ತಿರುತ್ತದೆ. ರಬ್ಬರ್ ಕಚ್ಚಿದ ಕೂಡಲೇ ರಿಮ್ ಅದನ್ನು ತನ್ನ ಜೊತೆ ಮುಂದಕ್ಕೆ ಎಳೆಯುತ್ತದೆ. ತೋಳು ಎಷ್ಟೇ ಗಟ್ಟಿಯಿದ್ದರೂ ಚೂರು ತಿರುಚಿಕೊಳ್ಳುತ್ತದೆ. ತಿರುಚಿದಾಗ ರಬ್ಬರಿನ ಮುಂದಿನ ತುದಿ ರಿಮ್ಮಿನಿಂದ ಏಳುತ್ತದೆ, ಹಿಂದಿನ ತುದಿ ಒತ್ತಿಕೊಳ್ಳುತ್ತದೆ. ಹಿಂದಿನ ತುದಿಯೊಂದರ ಮೇಲೇ ಭಾರ ಬಿದ್ದರೆ ಅದು ಕಚ್ಚಿ, ಜಾರಿ, ಕಚ್ಚಿ, ಜಾರಿ ಹಾಡು ಶುರುಮಾಡುತ್ತದೆ. ಮೊದಲೇ ಮೂತಿ ಒಳಗಿಟ್ಟಿದ್ದರೆ, ತಿರುಚಿದ ಮೇಲೆ ಇಡೀ ರಬ್ಬರ್ ಸಮವಾಗಿ ಕೂರುತ್ತದೆ.

ಮಾಡುವ ಬಗೆ ಹೀಗೆ. ಅವಧಿ ಮುಗಿದ ಎಟಿಎಂ ಕಾರ್ಡ್ ಒಂದಿದ್ದರೆ ಕತ್ತರಿಯಲ್ಲಿ ಬೆರಳಗಲದ ಎರಡು ಪಟ್ಟಿ ಕತ್ತರಿಸಿ. ಎಟಿಎಂ ಕಾರ್ಡಿನ ದಪ್ಪ ಎಲ್ಲ ಬ್ಯಾಂಕಿನದ್ದೂ ಒಂದೇ, 0.76 ಮಿಲಿಮೀಟರ್. ನಮ್ಮ ಕೆಲಸಕ್ಕೆ ಅಳೆದು ಮಾಡಿದ ಹಾಗಿದೆ. ರಬ್ಬರಿನ ಹಿಂದಿರುವ ನಟ್ಟನ್ನು 5 ಮಿಲಿಮೀಟರಿನ ಅಲೆನ್ ಕೀಯಿಂದ ಸಡಿಲಿಸಿ, ರಬ್ಬರ್ ಉದುರಿ ಜೋತುಬೀಳುವಷ್ಟಲ್ಲ, ಕೈಯಲ್ಲಿ ತಿರುಗಿಸಿದರೆ ತಿರುಗುವಷ್ಟು. ನಟ್ಟಿನ ಜೊತೆ ತಟ್ಟೆಯ ಹಾಗೆ ತಗ್ಗಿರುವ ವಾಷರುಗಳೂ ಗುಮ್ಮಟದ ಹಾಗೆ ಉಬ್ಬಿದ ವಾಷರುಗಳೂ ಇರುತ್ತವೆ. ಗುಮ್ಮಟ ತಟ್ಟೆಯೊಳಗೆ ಕೂತು ಹೊರಳುವುದರಿಂದಲೇ ರಬ್ಬರನ್ನು ಬೇಕಾದ ಕಡೆ ವಾಲಿಸಲು ಆಗುವುದು. ಅವು ಕೂತಿರುವ ಕ್ರಮವನ್ನು ಬಿಚ್ಚುವ ಮೊದಲು ಮೊಬೈಲಿನಲ್ಲಿ ಫೋಟೊ ತೆಗೆದುಕೊಳ್ಳಿ. ಸಂಜೆಗತ್ತಲಲ್ಲಿ ಅಂಗಳದಲ್ಲಿ ವಾಷರ್ ಹುಡುಕಿದವರಿಗೆ ನಾನು ಹೇಳುವುದು ಅರ್ಥವಾಗುತ್ತದೆ.

ಕಾರ್ಡಿನ ಪಟ್ಟಿಯನ್ನು ರಬ್ಬರಿನ ಹಿಂದಿನ ತುದಿ ಮತ್ತು ರಿಮ್ಮಿನ ನಡುವೆ ಇಡಿ. ಇನ್ನೊಂದು ಕಡೆಗೂ ಇಡಿ. ಈಗ ಬ್ರೇಕ್ ಹಿಡಿಯನ್ನು ಒತ್ತಿ, ಹಳೆಯ ಟ್ಯೂಬಿನ ತುಂಡಿನಿಂದ ಹ್ಯಾಂಡಲ್ಲಿಗೆ ಸುತ್ತಿ ಕಟ್ಟಿಬಿಡಿ, ಎರಡು ಕೈಯೂ ಖಾಲಿಯಾಗುತ್ತವೆ. ರಬ್ಬರ್ ತಾನೇ ಹೊರಳಿ ಪಟ್ಟಿಗೆ ಒರಗಿ ಕೂರುತ್ತದೆ. ಎತ್ತರ ನೋಡಿಕೊಳ್ಳಿ. ಮೇಲಂಚು ರಿಮ್ಮಿನ ಅಂಚಿಗಿಂತ ಒಂದು ಮಿಲಿಮೀಟರ್ ಕೆಳಗಿರಲಿ, ಟೈರಿಗೆ ಯಾವ ಕಾರಣಕ್ಕೂ ತಾಗಬಾರದು. ತಾಗಿದರೆ ಟೈರಿನ ಮಗ್ಗುಲು ಕೊಯ್ದು ಘಾಟಿಯ ನಡುವೆ ಢಂ ಅನ್ನುತ್ತದೆ. ತೀರ ಕೆಳಗೂ ಬೇಡ. ವಿ-ಬ್ರೇಕಿನ ತೋಳು ಕೆಳಗಿನ ಗೂಟದ ಮೇಲೆ ತಿರುಗುವುದರಿಂದ ರಬ್ಬರ್ ಸವೆದ ಹಾಗೆ ಅದು ಕಡ್ಡಿಗಳ ಕಡೆಗೆ ಇಳಿಯುತ್ತಾ ಹೋಗುತ್ತದೆ. ಎಲ್ಲ ಸರಿ ಅನ್ನಿಸಿದ ಮೇಲೆ ಒಂದು ಕೈಯಲ್ಲಿ ರಬ್ಬರನ್ನು ಭದ್ರವಾಗಿ ಹಿಡಿದು ಇನ್ನೊಂದರಲ್ಲಿ ನಟ್ ಬಿಗಿಯಿರಿ. ಹಿಡಿಯದಿದ್ದರೆ ನಟ್ಟಿನ ಜೊತೆ ರಬ್ಬರೂ ತಿರುಗಿ, ಕಷ್ಟಪಟ್ಟು ಹೊಂದಿಸಿದ್ದೆಲ್ಲ ಹಾಳು. ಟಾರ್ಕ್ ಸ್ಪ್ಯಾನರ್ ಇದ್ದರೆ 6ರಿಂದ 8 ನ್ಯೂಟನ್ ಮೀಟರ್. ಇಲ್ಲದಿದ್ದರೆ ಅಲೆನ್ ಕೀಯ ಉದ್ದದ ತುದಿ ಹಿಡಿದು ಬಿಗಿದಾಗ ಚೆನ್ನಾಗಿ ಕೂತಿತು ಅನ್ನಿಸಬೇಕು, ಹಲ್ಲು ಕಚ್ಚಿ ತಿರುಗಿಸುವಷ್ಟು ಬೇಡ.

ಪಟ್ಟಿ ತೆಗೆದು, ಹಿಡಿ ಬಿಡಿಸಿ, ಮೆಲ್ಲಗೆ ಬ್ರೇಕ್ ಒತ್ತುತ್ತಾ ಮೇಲಿನಿಂದ ಇಣುಕಿ. ಮೂತಿ ಮೊದಲು ಮುಟ್ಟಿ, ಹಿಂದಿನ ತುದಿ ಆಮೇಲೆ ಬಂದು ಸೇರುವುದು ಕಾಣಬೇಕು. ಎರಡು ಮಿಲಿಮೀಟರಿನಷ್ಟು ಸಂದಿ ಬಿಟ್ಟಿದ್ದರೆ ಬ್ರೇಕ್ ಹಿಡಿ ಸ್ಪಂಜಿನ ಹಾಗೆ ಮೆತ್ತಗಾಗುತ್ತದೆ, ರಬ್ಬರೂ ಓರೆಯಾಗಿ ಸವೆಯುತ್ತದೆ. ಕೆಲವು ಸೈಕಲ್ಲುಗಳು ಇಷ್ಟಾದರೂ ಕೇಳುವುದಿಲ್ಲ. ಆಗ ಸಂದಿಯನ್ನು ಇನ್ನೊಂಚೂರು ಹೆಚ್ಚು ಕಡಿಮೆ ಮಾಡಿ ನೋಡಬೇಕು, ಒಂದೆರಡು ಕಡೆ ಪೂರ್ತಿ ಸಮಾನಾಂತರ ಇಟ್ಟಾಗಲೇ ಸದ್ದು ನಿಂತದ್ದನ್ನೂ ಕಂಡಿದ್ದೇನೆ. ಫೋರ್ಕು, ತೋಳು, ರಬ್ಬರು ಮೂರರ ಜಾತಕ ಕೂಡಬೇಕು. ಕೆಲವು ನೂರು ಕಿಲೋಮೀಟರ್ ಆದ ಮೇಲೆ ಮೂತಿ ಸವೆದು ರಬ್ಬರ್ ಸಮವಾಗುತ್ತದೆ, ಸದ್ದು ವಾಪಸು ಬಂದರೂ ಬರಬಹುದು. ಆಗ ಮತ್ತೆ ಎಟಿಎಂ ಕಾರ್ಡ್. ಹತ್ತು ನಿಮಿಷದ ಕೆಲಸ.

ಒಂದು ಎಚ್ಚರಿಕೆ ಇದೆ, ಇದು ಸದ್ದಿಗಿಂತ ದೊಡ್ಡದು. ಲೋಹದ ತೊಟ್ಟಿಲಿನಂಥ ಹೋಲ್ಡರಿಗೆ ರಬ್ಬರನ್ನು ಮಾತ್ರ ಜಾರಿಸಿ ಹಾಕುವ ಬಗೆಯ ಬ್ರೇಕ್ ನಿಮ್ಮದಾಗಿದ್ದರೆ, ಆ ಹೋಲ್ಡರಿನ ಒಂದು ತುದಿ ಮುಚ್ಚಿರುತ್ತದೆ, ಇನ್ನೊಂದು ತೆರೆದಿರುತ್ತದೆ. ತೆರೆದ ತುದಿ ಹಿಂದಕ್ಕೇ ಇರಬೇಕು. ತಪ್ಪಿ ಮುಂದಕ್ಕೆ ಹಾಕಿದರೆ, ರಿಮ್ ಮುಂದಕ್ಕೆ ಎಳೆಯುವ ರಭಸಕ್ಕೆ ರಬ್ಬರ್ ಜಾರಿ ರಸ್ತೆಗೆ ಬೀಳುತ್ತದೆ, ಅದೂ ನೀವು ಜೋರಾಗಿ ಬ್ರೇಕ್ ಒತ್ತಿದ ಹೊತ್ತಿನಲ್ಲೇ. ಎಡ, ಬಲ ಅಂತ ಗುರುತೂ ಬಾಣವೂ ಇರುತ್ತವೆ. ಅದನ್ನು ಓದದೆ ಹಾಕಿದ ಸೈಕಲ್ಲುಗಳು ವರ್ಷಕ್ಕೆ ಒಂದೆರಡಾದರೂ ನನ್ನ ಕೈಗೆ ಬರುತ್ತವೆ.

ವಿ-ಬ್ರೇಕ್ ಆಗಿರುವುದು ನಿಮ್ಮ ಪುಣ್ಯ. 1996ರ ಸುಮಾರಿಗೆ ಶಿಮಾನೊ ಇದನ್ನು ತರುವವರೆಗೆ ಟೂರಿಂಗ್ ಸೈಕಲ್ಲುಗಳಲ್ಲಿ ಹೆಚ್ಚಾಗಿ ಕ್ಯಾಂಟಿಲಿವರ್ ಬ್ರೇಕೇ. ಅದರ ವೈರು ಹ್ಯಾಂಡಲ್ಲಿನ ಬುಡದ ಕೊಕ್ಕೆಯಿಂದ ಇಳಿದು ಎರಡೂ ತೋಳನ್ನು ಮೇಲಕ್ಕೆ ಎಳೆಯುತ್ತದೆ. ಬ್ರೇಕ್ ಕಚ್ಚಿದಾಗ ಫೋರ್ಕು ಹಿಂದಕ್ಕೆ ಬಾಗುತ್ತದೆ, ಬಾಗಿದಾಗ ವೈರು ತಾನೇ ಇನ್ನಷ್ಟು ಬಿಗಿಯುತ್ತದೆ, ಬ್ರೇಕ್ ಇನ್ನೂ ಕಚ್ಚುತ್ತದೆ, ಜಾರುತ್ತದೆ, ಫೋರ್ಕು ಮುಂದಕ್ಕೆ ಚಿಮ್ಮುತ್ತದೆ. ಇಡೀ ಸೈಕಲ್ಲಿಗೆ ಚಳಿಜ್ವರ ಬಂದ ಹಾಗೆ ಗದಗದ. ಆ ಬ್ರೇಕಿನವರು ಯಾರಾದರೂ ಇದನ್ನು ಓದುತ್ತಿದ್ದರೆ, ವೈರಿನ ಕೊಕ್ಕೆಯನ್ನು ಹ್ಯಾಂಡಲ್ಲಿನ ಬುಡದಿಂದ ಫೋರ್ಕಿನ ನೆತ್ತಿಗೆ ಇಳಿಸಿ. ಮೂತಿ ತಿದ್ದಿ ಹೋಗದ ನಡುಕ ಅದರಿಂದ ಹೋಗುತ್ತದೆ.

ಅಪ್ಪನ ಕಾಲದ ಕರಿ ಸೈಕಲ್ಲುಗಳಿಗೆ ಈ ತಾಪತ್ರಯ ಇರಲಿಲ್ಲ ಅಂತ ಹಿರಿಯರು ಹೇಳುವುದುಂಟು. ನಮ್ಮ ಅಂಗಡಿಯಲ್ಲಿ ಬಾಡಿಗೆಗೆ ಬಿಡುತ್ತಿದ್ದದ್ದೂ ಅವನ್ನೇ. ವೈರಿನ ಬದಲು ಕಬ್ಬಿಣದ ಕಂಬಿ, ಕ್ರೋಮಿನ ಉಕ್ಕಿನ ರಿಮ್, ಮಗ್ಗುಲಿಗಲ್ಲದೆ ರಿಮ್ಮಿನ ಒಳಮೈಗೆ ಒತ್ತುವ ರಬ್ಬರು. ನಿಜ, ಹೆಚ್ಚು ಕಿರುಚುತ್ತಿರಲಿಲ್ಲ. ಮಳೆಯಲ್ಲಿ ನಿಲ್ಲುತ್ತಲೂ ಇರಲಿಲ್ಲ. ಒದ್ದೆ ಕ್ರೋಮಿನ ಮೇಲೆ ರಬ್ಬರಿಗೆ ಹಿಡಿತವೇ ಸಿಗುವುದಿಲ್ಲ. ನಾವು ಹುಡುಗರು ಚಪ್ಪಲಿ ನೆಲಕ್ಕೆ ಉಜ್ಜಿ ನಿಲ್ಲಿಸುತ್ತಿದ್ದೆವು, ಮನೆಯಲ್ಲಿ ಚಪ್ಪಲಿಗೆ ಬೈಸಿಕೊಳ್ಳುತ್ತಿದ್ದೆವು.

ಇನ್ನು ಘಾಟಿಯ ಬಿಸಿ. ನೀವು 70 ಕಿಲೋ, ಸೈಕಲ್ 15, ಚೀಲಗಳು 15 ಅಂತ ಇಟ್ಟುಕೊಂಡರೆ ಒಟ್ಟು 100 ಕಿಲೋ. ಇದನ್ನು 500 ಮೀಟರ್ ಎತ್ತರದಿಂದ ಕೆಳಗಿಳಿಸಿದರೆ ಕಳೆಯಬೇಕಾದ ಶಕ್ತಿ 490 ಕಿಲೋಜೂಲ್. ಒಂದೂವರೆ ಲೀಟರಿಗೂ ಹೆಚ್ಚು ತಣ್ಣೀರನ್ನು ಕುದಿಸುವಷ್ಟು ಕಾವು. ವೇಗವಾಗಿ ಇಳಿಯುವವನ ಕಾವಿನಲ್ಲಿ ಒಂದು ಪಾಲು ಗಾಳಿ ಕೊಂಡೊಯ್ಯುತ್ತದೆ. ಭಯಕ್ಕೆ ಉದ್ದಕ್ಕೂ ಬ್ರೇಕ್ ಹಿಡಿದೇ ಇಳಿಯುವವನದ್ದು ಹೆಚ್ಚುಕಡಿಮೆ ಪೂರ್ತಿ ರಿಮ್ಮಿಗೆ ಇಳಿಯುತ್ತದೆ. ನಿಮ್ಮ ಕಿರುಚಾಟ ಘಾಟಿಯಲ್ಲೇ ಶುರುವಾದದ್ದು ನೋಡಿದರೆ ನೀವು ಎರಡನೇ ಜಾತಿ ಅಂತ ನನ್ನ ಗುಮಾನಿ. ಒತ್ತಿಹಿಡಿದ ರಬ್ಬರ್ ಬೇಯುತ್ತದೆ, ಮಿರುಗುತ್ತದೆ. ತೀರ ಕಾದರೆ ಟ್ಯೂಬಿನ ಪಂಕ್ಚರ್ ತೇಪೆ ಕಿತ್ತುಬರುತ್ತದೆ, ಟೈರು ರಿಮ್ಮಿನಿಂದ ಹಾರಿಹೋಗುವುದೂ ಉಂಟು. ದೇವಿಮನೆಯಲ್ಲಿ ನೇರ ರಸ್ತೆಯಲ್ಲಿ ಬ್ರೇಕ್ ಬಿಟ್ಟು ಬಿಡಿ, ತಿರುವಿಗೆ ಮುಂಚೆ ಎರಡೂ ಬ್ರೇಕನ್ನು ಗಟ್ಟಿಯಾಗಿ ಹಿಡಿದು ವೇಗ ಇಳಿಸಿ, ಮತ್ತೆ ಬಿಡಿ. ಅರ್ಧ ದಾರಿಯಲ್ಲಿ ನಿಂತು ರಿಮ್ಮಿನ ಹತ್ತಿರ ಬೆರಳು ತನ್ನಿ. ಮುಟ್ಟಲಾಗದಷ್ಟು ಬಿಸಿಯಿದ್ದರೆ ಅಲ್ಲೇ ಒಂದು ಬಾಳೆಹಣ್ಣು ತಿಂದು ಹೊರಡಿ. ಆತುರಕ್ಕೆ ನೀರು ಎರಚಬೇಡಿ. ಬೆಳಗಿನ ಇಬ್ಬನಿಗೆ, ಮಳೆಗೆ ರಿಮ್ ಒದ್ದೆಯಾಗಿದ್ದಾಗ ಮೊದಲ ಒಂದೆರಡು ಸುತ್ತು ಸದ್ದು ಬಂದರೆ ಅದು ರೋಗವಲ್ಲ, ರಬ್ಬರ್ ನೀರು ಒರೆಸುತ್ತಿದೆ ಅಷ್ಟೇ.

ಹೊಸ ರಬ್ಬರ್ ಕೊಳ್ಳಲೇಬೇಕಾದರೆ ಅತಿ ಅಗ್ಗದ್ದು ಬೇಡ, ಅವು ಗಟ್ಟಿ ಪ್ಲಾಸ್ಟಿಕ್ಕಿನ ಹಾಗಿರುತ್ತವೆ. ಕೂಲ್-ಸ್ಟಾಪ್ ಕಂಪನಿಯ ಸಾಲ್ಮನ್ ಬಣ್ಣದ, ಅಂದರೆ ಇಟ್ಟಿಗೆ ಕೆಂಪಿನ ರಬ್ಬರ್ ಸಿಕ್ಕಿದರೆ ಮಳೆನಾಡಿಗೆ ಅದೇ ನನ್ನ ಆಯ್ಕೆ. ಮಳೆಯಲ್ಲಿ ಹಿಡಿಯುತ್ತದೆ, ರಿಮ್ಮನ್ನು ಕಡಿಮೆ ತಿನ್ನುತ್ತದೆ. ಶಿಮಾನೊದ್ದೂ ಸಾಕು.

ಡಿಸ್ಕ್ ಬ್ರೇಕಿನ ಸೈಕಲ್ ಕೊಳ್ಳಲೇ ಅಂತ ಕೇಳಿದ್ದೀರಿ. ಸದ್ದಿಗಾಗಿ ಕೊಳ್ಳುವುದಾದರೆ ಬೇಡವೇ ಬೇಡ. ಎಣ್ಣೆ ತಾಗಿದ ಡಿಸ್ಕ್ ಬ್ರೇಕ್ ಕೂಗುವ ಕೂಗಿಗೆ ನಿಮ್ಮ ವಿ-ಬ್ರೇಕ್ ಸುಗಮ ಸಂಗೀತ. ಮಳೆಯಲ್ಲಿ ಘಾಟಿ ಇಳಿಯುವುದೇ ನಿಮ್ಮ ಖಯಾಲಿಯಾದರೆ ಡಿಸ್ಕಿಗೆ ಅದರದೇ ಬೆಲೆಯಿದೆ, ಅದನ್ನು ಒಪ್ಪುತ್ತೇನೆ. ಆದರೆ ನಿಮ್ಮ ಫ್ರೇಮಿಗೆ ಡಿಸ್ಕ್ ಕೂರಿಸುವ ಕಿವಿಗಳು ಇಲ್ಲದಿದ್ದರೆ ಸೈಕಲ್ಲನ್ನೇ ಬದಲಾಯಿಸಬೇಕು. ಡಿಸೆಂಬರಿನಲ್ಲಿ ಕರಾವಳಿಯ ದಾರಿ ಒಣಗಿರುತ್ತದೆ. ಹೊಸ ಸೈಕಲ್ಲಿನ ದುಡ್ಡಿಗಿಂತ ಒಂದು ಜೋಡಿ ರಬ್ಬರ್, ಒಂದು ಬ್ರೇಕ್ ವೈರು, 5 ಮಿಲಿಮೀಟರಿನ ಅಲೆನ್ ಕೀ ಚೀಲದಲ್ಲಿರುವುದು ಮೇಲು. ಕುಮಟಾದಲ್ಲೋ ಅಂಕೋಲಾದಲ್ಲೋ ಏನಾದರೂ ಆದರೆ ಬಸ್ ಸ್ಟ್ಯಾಂಡಿನ ಕಟ್ಟೆಯ ಮೇಲೆ ಕೂತು ನೀವೇ ಸರಿಮಾಡಿಕೊಳ್ಳಬಹುದು.

ಹೊರಡುವ ಮುನ್ನ ಒಂದು ಪರೀಕ್ಷೆ ಮಾತ್ರ ಬಿಡಬೇಡಿ. ನಿಮ್ಮ ಸೈಕಲ್ಲಿಗೆ ಆರು ವರ್ಷ. ಈ ಬ್ರೇಕಿನಲ್ಲಿ ರಬ್ಬರಿನ ಜೊತೆ ರಿಮ್ಮೂ ಸವೆಯುತ್ತದೆ, ನಿಮ್ಮ ರಬ್ಬರಿನಲ್ಲಿ ಬೆಳ್ಳಿ ಚುಕ್ಕೆಗಳು ಸಿಕ್ಕಿದ್ದರೆ ಅವೇ ಸಾಕ್ಷಿ. ತೊಳೆದು ಒಣಗಿದ ರಿಮ್ಮಿನ ಮಗ್ಗುಲಿಗೆ ಸ್ಟೀಲ್ ಸ್ಕೇಲಿನ ಅಂಚನ್ನು ನೆಟ್ಟಗೆ ಹಿಡಿದು ಬೆಳಕಿಗೆ ನೋಡಿ. ಹೊಸ ರಿಮ್ಮಿಗೆ ಸ್ಕೇಲ್ ಅಂಟಿಕೊಂಡು ಕೂರುತ್ತದೆ, ಸವೆದದ್ದರ ನಡುವೆ ಬಟ್ಟಲಿನ ಹಾಗೆ ತಗ್ಗಾಗಿ ಬೆಳಕು ತೂರುತ್ತದೆ. ಬಹಳಷ್ಟು ರಿಮ್ಮುಗಳಿಗೆ ಸವೆತದ ಗುರುತೂ ಇರುತ್ತದೆ, ಬ್ರೇಕ್ ಉಜ್ಜುವ ಜಾಗದ ಸುತ್ತ ಒಂದು ಸಣ್ಣ ಗೀರು ಅಥವಾ ಒಂದೆರಡು ಕಡೆ ಗುಂಡು ಚುಕ್ಕೆಯಷ್ಟು ತಗ್ಗು. ಉಗುರಿಗೆ ಅದು ತಡೆದರೆ ಇನ್ನೂ ಆಯಸ್ಸಿದೆ. ತಡೆಯದೆ ಉಗುರು ಜಾರಿಹೋದರೆ ಒಳಗಿನ ಗೋಡೆ ತೆಳುವಾಗಿದೆ, ಟೈರಿನ ಗಾಳಿಯ ಒತ್ತಡಕ್ಕೆ ಯಾವ ಹೊತ್ತಿಗಾದರೂ ಮಗ್ಗುಲು ಸೀಳಿಕೊಳ್ಳಬಹುದು. ಎರಡೂ ಚಕ್ರದ ಎರಡೂ ಮಗ್ಗುಲು ನೋಡಿ, ಮುಂದಿನದ್ದನ್ನು ಎರಡೆರಡು ಸಲ ನೋಡಿ. ಉಗುರು ಜಾರಿದರೆ ರಿಮ್ ಬದಲಾಯಿಸಿದ ಮೇಲೆಯೇ ಶಿರಸಿಯ ದಾರಿ ಹಿಡಿಯಿರಿ.